ಕೆರೆಯೂರಿನವರು ಸರೋವರ ನೋಡಲು ಹೊರಟಾಗ

ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಹುಡುಗರು ಚೆಂಡಾಡುವುದನ್ನು ನೋಡುತ್ತ ಬೆಳೆದ ನಮ್ಮಂಥವರು, ಸಾವಿರಾರು ಮೈಲಿ ದೂರದ ಸರೋವರಗಳನ್ನು ನೋಡಿಬರಲು ಹಣ ಕೂಡಿಸುತ್ತಿದ್ದೇವೆ ಎಂದರೆ ಕೇಳಿದವರು ನಗುವುದು ಸಹಜ. ಮೊದಲು ನಕ್ಕವರು ನಮ್ಮ ಕಲ್ಯಾಣದುರ್ಗದ ಅಕ್ಕನವರು. ಆ ನಗೆಯ ಹಿಂದೆ ನೋವೂ ಇತ್ತು. ಭಾವನವರು ತೀರಿಕೊಂಡ ಮೇಲೆ ಹೊಲವನ್ನು ತಾವೇ ನೋಡಿಕೊಳ್ಳುತ್ತಿರುವ ಅವರು ಮೂರು ಬಾರಿ ಬೋರು ಹಾಕಿಸಿ, ಮೂರು ಬಾರಿಯೂ ಬರಿಯ ಕಲ್ಲಿನ ಹುಡಿಯನ್ನೇ ಕಂಡವರು.

"ನೀರು ನೋಡೋದಕ್ಕೆ ಅಷ್ಟು ದೂರ ಹೋಗಬೇಕೇನ್ರಪ್ಪಾ? ಆ ದುಡ್ಡಿನಲ್ಲಿ ಇನ್ನೊಂದು ಬೋರು ಹಾಕಿಸಬಹುದಲ್ಲ!" ಎಂದರು.

ನಾವಿಬ್ಬರೂ ಉತ್ತರ ತೋಚದೆ ಸುಮ್ಮನಾದೆವು. ಹಿಂದೂಪುರದಲ್ಲಿರುವ ನಮ್ಮ ಮನೆಗೂ ಕಲ್ಯಾಣದುರ್ಗದಲ್ಲಿರುವ ಅವರ ಮನೆಗೂ ನಡುವೆ ಮಡಕಶಿರಾ, ಪಾವಗಡಗಳ ಹಾದಿ. ಹೋಗುವಾಗ ಒಮ್ಮೆ ಕರ್ನಾಟಕವನ್ನು ಹೊಕ್ಕು ಮತ್ತೆ ಆಂಧ್ರಕ್ಕೆ ಬರಬೇಕು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಯಾದ ಮೇಲೆ ನಮ್ಮ ಎರಡು ಮನೆಗಳು ಎರಡು ಜಿಲ್ಲೆಗಳಲ್ಲಿವೆ. ಇಂತಹ ಗಡಿಗಳನ್ನು ದಾಟುವುದು ನಮಗೆ ನಿತ್ಯದ ಮಾತು. ಆದರೆ ಸಮುದ್ರವನ್ನು ದಾಟುವ ಯೋಚನೆ ನಮ್ಮ ಮನೆತನದಲ್ಲಿ ಇದೇ ಮೊದಲು.

ಕಾರಣವೇನೆಂದರೆ, ನಮ್ಮ ಮಗಳು ಮತ್ತು ಅಳಿಯಂದಿರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದಾರೆ. ಅಲ್ಲಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ ಉತ್ತರಕ್ಕೆ ಹೋದರೆ 'ಲೇಕ್ ಡಿಸ್ಟ್ರಿಕ್ಟ್' ಎಂದು ಹೆಸರಾದ ಸರೋವರ ಸೀಮೆ ಸಿಗುತ್ತದೆ. ಮೊಮ್ಮಗುವನ್ನು ಎತ್ತಿ ಆಡಿಸುವ ಆಸೆ ಒಂದು ಕಡೆ, ಆ ಸೀಮೆಯನ್ನು ಕಾಣುವ ಕುತೂಹಲ ಇನ್ನೊಂದು ಕಡೆ. ನಮ್ಮ ಗಡಿನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಬೆಂಗಳೂರನ್ನೂ ದಾಟಿ ಹೊರದೇಶಗಳಲ್ಲಿರುವುದರಿಂದ, ನಮ್ಮ ಸಿದ್ಧತೆಯ ವೃತ್ತಾಂತವು ವಾಚಕರಲ್ಲಿ ಕೆಲವರಿಗಾದರೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಹುಚ್ಚೆಳ್ಳಿನ ಹೊಲವೂ ಒಂದು ಪದ್ಯವೂ

ಮೊದಲು ನಾವು ಒಂದು ಪ್ರವಾಸ ಸಂಸ್ಥೆಯನ್ನು ವಿಚಾರಿಸಿದೆವು. ಹತ್ತು ದಿನಗಳಲ್ಲಿ ಏಳು ದೇಶ ತೋರಿಸುವುದಾಗಿ ಅವರು ಹೇಳಿದರು. ಸರೋವರದ ದಡದಲ್ಲಿ ಎಷ್ಟು ಹೊತ್ತು ನಿಲ್ಲಬಹುದೆಂದು ಕೇಳಿದಾಗ, "ಫೋಟೋ ತೆಗೆಯುವಷ್ಟು ಹೊತ್ತು" ಎಂಬ ಉತ್ತರ ಬಂದಿತು. ಮದುವೆ ಮನೆಗೆ ಹೋಗಿ ಕೈ ತೊಳೆದು ಬಂದಂತಾಗುವ ಈ ಪ್ರವಾಸ ನಮಗೆ ಬೇಡವೆನಿಸಿತು. ಮೇಲಾಗಿ ಸ್ವಿಟ್ಜರ್ಲೆಂಡ್, ಇಟಲಿ ಮುಂತಾದ ದೇಶಗಳಿಗೆ ಷೆಂಗೆನ್ ಎಂಬ ಒಂದು ವೀಸಾ, ಇಂಗ್ಲೆಂಡಿಗೆ ಬೇರೆಯೇ ವೀಸಾ. ಒಂದನ್ನು ಪಡೆದವರು ಇನ್ನೊಂದು ಕಡೆಗೆ ಹೋಗಲಾಗದು. ಇದನ್ನರಿಯದೆ 'ಯುರೋಪು ಎಲ್ಲ ಒಂದೇ' ಎಂದುಕೊಂಡು ಹೊರಡುವವರು ಪೇಚಿಗೆ ಸಿಲುಕುತ್ತಾರೆ. ಆದುದರಿಂದ ಒಂದೇ ದೇಶ, ಒಂದೇ ಸೀಮೆ ಎಂದು ನಿಶ್ಚಯಿಸಿದೆವು.

ಆ ಸೀಮೆಯ ಹೆಸರು ನಮಗೆ ಹೊಸದಲ್ಲ. ಹೈಸ್ಕೂಲಿನ ಇಂಗ್ಲಿಷ್ ಪಾಠದಲ್ಲಿ ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಹೂಗಳ ಪದ್ಯವನ್ನು ಕಲಿತವರಲ್ಲಿ ನಾವೂ ಸೇರಿದವರು. ಆ ಹೂವನ್ನು ಕಂಡವರು ತರಗತಿಯಲ್ಲಿ ಒಬ್ಬರೂ ಇರಲಿಲ್ಲ, ಮೇಷ್ಟರೂ ಕಂಡಿರಲಿಲ್ಲ. ಅವರು ಒಂದು ಗಳಿಗೆ ಯೋಚಿಸಿ, "ಕೆರೆಯ ಹಿಂದೆ ಹುಚ್ಚೆಳ್ಳಿನ ಹೊಲ ಹೂ ಬಿಟ್ಟು ಗಾಳಿಗೆ ಓಲಾಡುತ್ತದಲ್ಲ, ಹಾಗೆಂದು ತಿಳಿಯಿರಿ" ಎಂದರು. ಅಂದಿನಿಂದ ನಮ್ಮ ಪಾಲಿಗೆ ಡ್ಯಾಫೊಡಿಲ್ ಎಂದರೆ ಹುಚ್ಚೆಳ್ಳಿನ ಹೂವೇ.

ಆ ಕವಿ 1802ರ ಏಪ್ರಿಲ್ 15ರಂದು ತಂಗಿ ಡಾರಥಿಯೊಡನೆ ಅಲ್ಸ್‌ವಾಟರ್ ಎಂಬ ಸರೋವರದ ದಡದಲ್ಲಿ ಆ ಹೂಗಳನ್ನು ಕಂಡನು. ಪದ್ಯ ಅಚ್ಚಾದುದು 1807ರಲ್ಲಿ. ಅವನು ಹುಟ್ಟಿದ್ದು ಅದೇ ಸೀಮೆಯ ಕಾಕರ್‌ಮತ್ ಊರಿನಲ್ಲಿ, 1770ರಲ್ಲಿ. 1799ರಿಂದ 1808ರವರೆಗೆ ವಾಸವಾಗಿದ್ದುದು ಗ್ರಾಸ್ಮಿಯರಿನ ಡವ್ ಕಾಟೇಜ್ ಎಂಬ ಚಿಕ್ಕ ಮನೆಯಲ್ಲಿ. 1850ರಲ್ಲಿ ತೀರಿಕೊಂಡ ಅವನ ಸಮಾಧಿ ಗ್ರಾಸ್ಮಿಯರಿನ ಚರ್ಚಿನ ಅಂಗಳದಲ್ಲಿದೆ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟಿಸಿದಾಗಿನಿಂದ ಆ ದೇಶದ ಕಾವ್ಯದ ಗಾಳಿ ಕನ್ನಡದ ಕಡೆಗೂ ಬೀಸಿದೆಯಾದ್ದರಿಂದ, ಆ ಸೀಮೆಯನ್ನು ಪೂರ್ತಿ ಪರದೇಶವೆನ್ನಲು ನಮಗೆ ಮನಸ್ಸು ಬಾರದು.

ಹಿಮ ಕೊರೆದದ್ದು, ಮನುಷ್ಯ ಕಟ್ಟಿದ್ದು

ಹೋಗುವ ಮುನ್ನ ಆ ನೆಲದ ಸ್ವರೂಪವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಹಿಂದೊಂದು ಕಾಲಕ್ಕೆ ಆ ಬೆಟ್ಟಗಳನ್ನು ಮುಚ್ಚಿದ್ದ ಹಿಮನದಿಗಳು ಜಾರಿ ಇಳಿಯುತ್ತ ಕಣಿವೆಗಳನ್ನು ಕೊರೆದವು. ಹಿಮ ಕರಗಿದ ಮೇಲೆ ಆ ಕೊರಕಲುಗಳಲ್ಲಿ ನೀರು ನಿಂತು ಸರೋವರಗಳಾದವು. ನಡುವಣ ಬೆಟ್ಟಗಳಿಂದ ಕಣಿವೆಗಳು ಗಾಡಿಯ ಚಕ್ರದ ಅರೆಕಾಲುಗಳಂತೆ ಸುತ್ತಲೂ ಹರಡಿವೆ. ವಿಂಡರ್‌ಮಿಯರ್ ಅತಿ ದೊಡ್ಡದು, ಉದ್ದ ಸುಮಾರು 17 ಕಿಲೋಮೀಟರು. ಇಂಗ್ಲೆಂಡಿನ ಅತಿ ಆಳವಾದ ಸರೋವರ ವಾಸ್ಟ್‌ವಾಟರ್, ಅತಿ ಎತ್ತರದ ಶಿಖರ 978 ಮೀಟರಿನ ಸ್ಕಾಫೆಲ್ ಪೈಕ್, ಎರಡೂ ಇಲ್ಲಿಯೇ ಇವೆ. 1951ರಲ್ಲಿ ಈ ಸೀಮೆ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಒಂದು ಸ್ವಾರಸ್ಯವುಂಟು. ಅಲ್ಲಿಯವರು ತಮ್ಮ ಸರೋವರಗಳನ್ನು ಮಿಯರ್ ಎಂದೋ ವಾಟರ್ ಎಂದೋ ಕರೆಯುತ್ತಾರೆ, ಬೆಟ್ಟದ ಮೇಲಿನ ಚಿಕ್ಕ ಕೊಳಕ್ಕೆ ಟಾರ್ನ್ ಎನ್ನುತ್ತಾರೆ. ದೊಡ್ಡ ಸರೋವರಗಳ ಪೈಕಿ ಹೆಸರಿನಲ್ಲಿಯೇ 'ಲೇಕ್' ಎಂಬ ಪದವುಳ್ಳದ್ದು ಬ್ಯಾಸೆಂತ್‌ವೇಟ್ ಒಂದೇ. ನಮ್ಮಲ್ಲಿಯೂ ಕುಂಟೆ ಬೇರೆ, ಕಟ್ಟೆ ಬೇರೆ, ಕೆರೆ ಬೇರೆ, ತೀರ ದೊಡ್ಡದಾದರೆ ಅದು ಸಮುದ್ರ. ನೀರಿನೊಡನೆ ಬಾಳಿದ ಜನಕ್ಕೆ ಒಂದೇ ಹೆಸರು ಸಾಲದು.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅವರದು ಹಿಮ ಕೊರೆದ ಸರೋವರ, ನಮ್ಮದು ಮನುಷ್ಯ ಕಟ್ಟಿದ ಕೆರೆ. ನಮ್ಮ ನೆರೆಯ ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನದಲ್ಲಿ, ಬುಕ್ಕರಾಯನ ಮಗ ಭಾಸ್ಕರನು ಕೆರೆ ಕಟ್ಟಿಸಿದ ವಿವರವಿದೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ದುಡಿಮೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಅದು ಎಣಿಸುತ್ತದೆ. ಮಳೆಯ ಲೆಕ್ಕವೂ ಹಾಗೆಯೇ. ನಮ್ಮ ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರು. ಸರೋವರ ಸೀಮೆಯ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ಸುಮಾರು 3,500, ಎಂದರೆ ನಮ್ಮ ಆರು ಪಟ್ಟಿಗೂ ಹೆಚ್ಚು. 2015ರ ಡಿಸೆಂಬರಿನ ಬಿರುಗಾಳಿಯಲ್ಲಿ ಅದೇ ಸುತ್ತಿನ ಹಾನಿಸ್ಟರ್ ಕಣಿವೆಯಲ್ಲಿ 24 ಗಂಟೆಗಳೊಳಗೆ 341.4 ಮಿಲಿಮೀಟರು ಸುರಿಯಿತು. ನಮ್ಮ ಒಂದು ವರ್ಷದ ಮಳೆಯ ಅರ್ಧಕ್ಕಿಂತ ಹೆಚ್ಚು ಅವರಿಗೆ ಒಂದೇ ದಿನದಲ್ಲಿ! ಈ ಅಂಕಿಯನ್ನು ಫೋನಿನಲ್ಲಿ ಹೇಳಿದಾಗ ಅಕ್ಕನವರು ಬಹಳ ಹೊತ್ತು ಮಾತಾಡಲಿಲ್ಲ.

ಯಾವ ತಿಂಗಳು, ಎಷ್ಟು ದಿನ

ಡ್ಯಾಫೊಡಿಲ್ ಹೂವನ್ನು ನೋಡಬೇಕಾದರೆ ಮಾರ್ಚಿಯ ಕೊನೆ ಅಥವಾ ಏಪ್ರಿಲಿನಲ್ಲಿ ಹೋಗಬೇಕು. ಆಗ ಚಳಿ ಹೆಚ್ಚು. ಜುಲೈ, ಆಗಸ್ಟಿನಲ್ಲಿ ಅಲ್ಲಿಯ ಶಾಲೆಗಳಿಗೆ ರಜೆ, ಆದ್ದರಿಂದ ಜನಸಂದಣಿಯೂ ಬಾಡಿಗೆಯೂ ಏರುತ್ತವೆ. ಮೇ ತಿಂಗಳ ಕೊನೆಯ ವಾರದಲ್ಲಿಯೂ ಒಂದು ರಜೆಯುಂಟು. ಅಕ್ಕನವರು ಬರುವುದಾದರೆ ಕಡಲೆಕಾಯಿ ಬಿತ್ತನೆಯ ಹದ ಬರುವುದರೊಳಗೆ, ಜೂನಿನಲ್ಲಿ, ಊರಲ್ಲಿರಬೇಕು. ಇದನ್ನೆಲ್ಲ ಕೂಡಿ ಕಳೆದು ನೋಡಿದಾಗ ಉಳಿದದ್ದು ಮೇ ತಿಂಗಳ ನಡುವಣ ವಾರ. ಮಳೆ ಆಗ ತಕ್ಕಮಟ್ಟಿಗೆ ಕಡಮೆ, ಹಗಲು ದೀರ್ಘ. ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ! ಸಂಜೆಯ ದೀಪ ಹಚ್ಚುವುದು ಯಾವ ಹೊತ್ತಿಗೆ ಎಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಹೂವಿನ ಆಸೆಯನ್ನು ಬಿಟ್ಟುಕೊಟ್ಟೆವು. ಹುಚ್ಚೆಳ್ಳಿನ ಹೊಲ ಊರಲ್ಲಿದ್ದೇ ಇದೆ.

ಮಗಳ ಮನೆಯಲ್ಲಿ ಮೂರು ವಾರ, ಸರೋವರ ಸೀಮೆಯಲ್ಲಿ ಐದು ರಾತ್ರಿ ಎಂದು ನಿಗದಿ ಮಾಡಿದ್ದೇವೆ. ದಿನಕ್ಕೊಂದು ಊರಿನಲ್ಲಿ ಗಂಟುಮೂಟೆ ಬಿಚ್ಚುವುದಕ್ಕಿಂತ, ನಡುವಣ ಆಂಬಲ್‌ಸೈಡ್ ಊರಿನಲ್ಲಿ ಅಡುಗೆಮನೆಯುಳ್ಳ ಒಂದು ಬಾಡಿಗೆ ಮನೆಯನ್ನು ಹಿಡಿದು ಅಲ್ಲಿಂದಲೇ ಸುತ್ತುವುದು ನಮ್ಮ ವಯಸ್ಸಿನವರಿಗೆ ಲೇಸು. ವಿಂಡರ್‌ಮಿಯರಿನವರೆಗೆ ರೈಲಿದೆ. ಅರುವತ್ತು ದಾಟಿದವರು ಅಲ್ಲಿಯ ಹಿರಿಯರ ರೈಲು ಕಾರ್ಡನ್ನು ಕೊಂಡರೆ ಬಹುತೇಕ ಟಿಕೆಟ್ಟುಗಳಲ್ಲಿ ಮೂರನೆಯ ಒಂದು ಭಾಗ ರಿಯಾಯಿತಿ ದೊರೆಯುತ್ತದೆ. ಮುಂದೆ 555 ನಂಬರಿನ ಬಸ್ಸು ವಿಂಡರ್‌ಮಿಯರ್, ಆಂಬಲ್‌ಸೈಡ್, ಗ್ರಾಸ್ಮಿಯರುಗಳ ಮೂಲಕ ಕೆಸ್ವಿಕ್ ಊರಿನವರೆಗೆ ಹೋಗುತ್ತದೆ. ಕಾರಿಲ್ಲದವರಿಗೆ ಆ ಒಂದು ಬಸ್ಸು ಸಾಕು.

ಮೊದಲ ದಿನ ವಿಂಡರ್‌ಮಿಯರಿನಲ್ಲಿ ದೋಣಿಯ ವಿಹಾರ. ಎರಡನೆಯ ದಿನ ಗ್ರಾಸ್ಮಿಯರ್, ಕವಿಯ ಮನೆ ಮತ್ತು ಸಮಾಧಿ. ಮೂರನೆಯ ದಿನ ಕಾನಿಸ್ಟನ್ ಸರೋವರದ ದಡದ ಬ್ರಾಂಟ್‌ವುಡ್. ಅದು ಜಾನ್ ರಸ್ಕಿನ್ನರು 1872ರಿಂದ 1900ರಲ್ಲಿ ತೀರಿಕೊಳ್ಳುವವರೆಗೆ ಇದ್ದ ಮನೆ. ಗಾಂಧೀಜಿಯವರು 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ಹೋಗುವ ರೈಲಿನಲ್ಲಿ ಓದಿ, ತಮ್ಮ ಬಾಳನ್ನೇ ಬದಲಿಸಿತೆಂದು ಹೇಳಿದ 'ಅನ್‌ಟು ದಿಸ್ ಲಾಸ್ಟ್' ಪುಸ್ತಕ ಈ ರಸ್ಕಿನ್ನರದೇ. 'ಸರ್ವೋದಯ' ಎಂದು ಗಾಂಧೀಜಿ ಅದನ್ನು ಗುಜರಾತಿಗೆ ತಂದರು. ನಾಲ್ಕನೆಯ ದಿನ ಕೆಸ್ವಿಕ್, ಡರ್ವೆಂಟ್‌ವಾಟರ್ ಮತ್ತು ಸಮೀಪದ ಕ್ಯಾಸಲ್‌ರಿಗ್ ಎಂಬ ಪ್ರಾಚೀನ ಶಿಲಾವೃತ್ತ. ಕಲ್ಯಾಣದುರ್ಗದ ಹತ್ತಿರದ ಮುದಿಗಲ್ಲಿನ ಶಿಲಾಸಮಾಧಿಗಳನ್ನು ಬಲ್ಲವರಿಗೆ ಆ ಕಲ್ಲುಗಳೂ ನೆಂಟರಂತೆ ಕಂಡಾವು. ಐದನೆಯ ದಿನವನ್ನು ಖಾಲಿ ಬಿಟ್ಟಿದ್ದೇವೆ. ಅದು ಮಳೆಯ ಪಾಲು!

ಕಾಗದಪತ್ರ ಮತ್ತು ತುಪ್ಪದ ಡಬ್ಬಿ

ವೀಸಾಕ್ಕೆ ಹೊರಡುವ ದಿನಕ್ಕಿಂತ ಮೂರು ತಿಂಗಳು ಮುಂಚೆ ಅರ್ಜಿ ಹಾಕಬಹುದು. ಬೆರಳಚ್ಚು, ಭಾವಚಿತ್ರ ಕೊಡಲು ಬೆಂಗಳೂರಿನ ಕೇಂದ್ರಕ್ಕೆ ಹೋಗಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಸಂದರ್ಶಕರಿಗೆ ಕೊಡುವ ಸಾಮಾನ್ಯ ವೀಸಾದಲ್ಲಿ ಆರು ತಿಂಗಳವರೆಗೆ ಇರಬಹುದು. ಪಿಂಚಣಿಯ ಕಾಗದ, ಬ್ಯಾಂಕಿನ ಲೆಕ್ಕ, ಮಕ್ಕಳ ಆಹ್ವಾನ ಪತ್ರ, ಇವು ಮುಖ್ಯ. ತಿರುಗಿ ಬರುತ್ತೇವೆ ಎಂಬುದಕ್ಕೆ ಊರಿನಲ್ಲಿರುವ ಮನೆ, ಹೊಲಗಳೇ ಸಾಕ್ಷಿ.

ಗಡಿನಾಡಿನವರಿಗೆ ಇಲ್ಲಿ ಒಂದು ವಿಶೇಷ ತೊಡಕುಂಟು. ಅಕ್ಕನವರ ಶಾಲೆಯ ಸರ್ಟಿಫಿಕೇಟು ಕನ್ನಡದಲ್ಲಿ, ಹೊಲದ ಅಡಂಗಲ್ ತೆಲುಗಿನಲ್ಲಿ, ಪಾಸ್‌ಪೋರ್ಟು ಇಂಗ್ಲಿಷಿನಲ್ಲಿ. ಮೂರು ಲಿಪಿಯಲ್ಲಿ ಅವರ ಹೆಸರು ಮೂರು ಬಗೆ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿಲ್ಲದ ಪ್ರತಿಯೊಂದು ಕಾಗದಕ್ಕೂ ಅನುವಾದಕರ ದೃಢೀಕರಣವುಳ್ಳ ಇಂಗ್ಲಿಷ್ ಅನುವಾದ ಬೇಕು. ಇದಕ್ಕೇ ನಮಗೆ ಒಂದೂವರೆ ತಿಂಗಳು ಹಿಡಿಯಿತು. ಹೊರಡುವ ಯೋಚನೆ ಇರುವ ವಾಚಕರು ಟಿಕೆಟ್ಟಿನ ಬೆಲೆ ವಿಚಾರಿಸುವ ಮುನ್ನ ತಮ್ಮ ಹೆಸರು ಎಲ್ಲ ಕಾಗದಗಳಲ್ಲಿ ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳುವುದು ಮೇಲು. ಪ್ರಯಾಣದ ವಿಮೆಯನ್ನೂ ಮರೆಯಬಾರದು. ಪ್ರವಾಸಿಗಳು ಅಲ್ಲಿ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಚಿಕಿತ್ಸೆ ಉಚಿತವಲ್ಲ.

ವಿಮಾನ ನಿಲ್ದಾಣದ ವಿಷಯದಲ್ಲಿ ನಾವು ಭಾಗ್ಯವಂತರು. 2008ರಲ್ಲಿ ದೇವನಹಳ್ಳಿಯಲ್ಲಿ ನಿಲ್ದಾಣ ಆರಂಭವಾದ ಮೇಲೆ ಹಿಂದೂಪುರದವರಿಗೆ ಅದು ಬೆಂಗಳೂರಿನ ಪೇಟೆಗಿಂತಲೂ ಹತ್ತಿರ. ಸಾಮಾನಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಹಾಲಿನಿಂದ ಮಾಡಿದ ಪದಾರ್ಥಗಳನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ಯಲು ಅನುಮತಿಯಿಲ್ಲ. ರಾಗಿ ಹಿಟ್ಟು, ಹುಳಿಪುಡಿ, ಕಡಲೆಕಾಯಿ ಚಟ್ನಿಪುಡಿ ಹೋಗಬಹುದು. ತುಪ್ಪದ ಡಬ್ಬಿ ಹೋಗಲಾರದು, ಪೇಡವೂ ಹೋಗಲಾರದು. "ತುಪ್ಪ ಇಲ್ಲದೆ ಮುದ್ದೆಯೇ!" ಎಂದು ಅಕ್ಕನವರು ಉದ್ಗರಿಸಿದರು. ತುಪ್ಪ ಅಲ್ಲಿಯ ಭಾರತೀಯರ ಅಂಗಡಿಗಳಲ್ಲಿಯೇ ಸಿಗುತ್ತದೆ ಎಂದು ಮಗಳು ಸಮಾಧಾನ ಹೇಳಬೇಕಾಯಿತು.

ಮಗಳ ಮನೆಯ ನಲ್ಲಿ

ಇಷ್ಟೆಲ್ಲ ಆದರೂ ಅಕ್ಕನವರು ಬರುವ ಮಾತು ಖಚಿತವಾಗಿರಲಿಲ್ಲ. "ಕಾಗದ ಇರಲಿ, ಮನಸ್ಸು ಬರಬೇಕಲ್ಲ" ಎನ್ನುತ್ತಿದ್ದರು. ಅವರ ಮನಸ್ಸನ್ನು ತಿರುಗಿಸಿದ್ದು ನಾವು ವರ್ಣಿಸಿದ ಬೆಟ್ಟವೂ ಅಲ್ಲ, ಕವಿಯೂ ಅಲ್ಲ. ಒಂದು ದಿನ ಅವರು ನಮ್ಮ ಮನೆಗೆ ಬಂದಿದ್ದಾಗ ಮಗಳ ಫೋನು ಬಂದಿತು. ಮಾತಿಗೆ ಮಾತು ಬಂದು, "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತಮ್ಮಾ?" ಎಂದು ಅಕ್ಕನವರು ಕೇಳಿದರು. "ಅದೇ ಸರೋವರಗಳಿಂದ ಬರುತ್ತೆ ಅತ್ತೆ" ಎಂದಳು ಮಗಳು.

ಸಂಗತಿ ನಿಜ. ಬೆಳೆಯುತ್ತಿದ್ದ ಮ್ಯಾಂಚೆಸ್ಟರಿಗೆ ನೀರು ಸಾಲದೆ, ಥರ್ಲ್‌ಮಿಯರ್ ಎಂಬ ಕಣಿವೆಗೆ ಅಣೆ ಕಟ್ಟಲು ನಗರಸಭೆ ಹೊರಟಿತು. ಆ ಸೀಮೆಯ ಚೆಲುವು ಕೆಡುವುದೆಂದು ಅನೇಕರು ಪ್ರತಿಭಟಿಸಿದರು. ಆದರೂ 1879ರಲ್ಲಿ ಶಾಸನ ಒಪ್ಪಿಗೆಯಾಯಿತು, 1894ರಲ್ಲಿ ನೀರು ನಗರವನ್ನು ಮುಟ್ಟಿತು. ಸುಮಾರು 154 ಕಿಲೋಮೀಟರು ದೂರವನ್ನು ಅದು ಯಾವ ಯಂತ್ರದ ಸಹಾಯವೂ ಇಲ್ಲದೆ ಇಳಿಜಾರಿನಲ್ಲಿಯೇ ಕ್ರಮಿಸುತ್ತದೆ. ವಿದ್‌ಬರ್ನ್ ಎಂಬ ಹಳ್ಳಿಯ ಮನೆಗಳು ಹೋದವು, ಚಿಕ್ಕ ಚರ್ಚು ಮಾತ್ರ ಉಳಿದಿದೆ. ಮುಂದೆ 1935ರಲ್ಲಿ ಹಾಸ್‌ವಾಟರ್ ಅಣೆಯ ಹಿಂದೆ ಮಾರ್ಡೇಲ್ ಗ್ರಾಮವೂ ಮುಳುಗಿತು. ಅಲ್ಲಿಯ ಸ್ಮಶಾನದಲ್ಲಿದ್ದವರ ಅವಶೇಷಗಳನ್ನು ಮೊದಲೇ ತೆಗೆದು ಬೇರೆ ಊರಿನಲ್ಲಿ ಮಣ್ಣು ಮಾಡಿದ್ದರು. ಮಳೆ ತಪ್ಪಿದ ವರ್ಷಗಳಲ್ಲಿ ಆ ಊರಿನ ಗೋಡೆಗಳು ಇಂದಿಗೂ ನೀರಿನಿಂದ ಮೇಲೇಳುತ್ತವೆ.

ಅಕ್ಕನವರು ಎಲ್ಲವನ್ನೂ ಕೇಳಿ, "ಆ ಊರಿನವರು ಎಲ್ಲಿಗೆ ಹೋದರು?" ಎಂದರು. ಸರೋವರ ಸೀಮೆಯ ಬಗ್ಗೆ ಅವರು ಮನಸಾರೆ ಕೇಳಿದ ಮೊದಲ ಪ್ರಶ್ನೆ ಅದು.

ನಮ್ಮ ಸೀಮೆಯ ಕಥೆಯನ್ನೂ ಆಗ ನೆನೆದುಕೊಂಡೆವು. ಪೆನುಕೊಂಡೆಯ ಬಳಿಯ ಗೊಲ್ಲಪಲ್ಲಿ ಜಲಾಶಯಕ್ಕೆ ಹಂದ್ರಿ–ನೀವಾ ಕಾಲುವೆಯ ಮೂಲಕ ಕೃಷ್ಣೆಯ ನೀರು ಬಂದದ್ದು 2016ರಲ್ಲಿ. ಅವರ ನೀರು ತಾನಾಗಿ ಇಳಿದು ಹೋಗುತ್ತದೆ. ನಮ್ಮ ನೀರನ್ನು ಶ್ರೀಶೈಲದ ಹಿನ್ನೀರಿನಿಂದ ಮೆಟ್ಟಿಲು ಮೆಟ್ಟಿಲಾಗಿ ಯಂತ್ರಗಳಿಂದ ಎತ್ತಿ ತರಬೇಕು. ಇಬ್ಬರ ನಲ್ಲಿಯ ಹಿಂದೆಯೂ ದೂರದ ಒಂದು ಊರಿನ ನೀರಿದೆ. ಕುಡಿಯುವಾಗ ಅದು ನೆನಪಾಗುವುದಿಲ್ಲ, ಅಷ್ಟೆ.

ಥರ್ಲ್‌ಮಿಯರ್ ವಿವಾದದಲ್ಲಿ ಸೋತವರು ಸುಮ್ಮನೆ ಕೂಡಲಿಲ್ಲ. ಅವರಲ್ಲೊಬ್ಬರಾದ ಪಾದ್ರಿ ರಾನ್ಸ್‌ಲಿಯವರು ಇನ್ನಿಬ್ಬರೊಡನೆ ಸೇರಿ 1895ರಲ್ಲಿ 'ನ್ಯಾಷನಲ್ ಟ್ರಸ್ಟ್' ಎಂಬ ಸಂಸ್ಥೆಯನ್ನು ಕಟ್ಟಿದರು. 1902ರಲ್ಲಿ ಡರ್ವೆಂಟ್‌ವಾಟರಿನ ದಡದ ಬ್ರಾಂಡಲ್‌ಹೌ ಎಂಬ ಕಾಡು ಮಾರಾಟಕ್ಕೆ ಬಂದಾಗ, ಸಾರ್ವಜನಿಕರ ವಂತಿಗೆಯಿಂದ ಅದನ್ನು ಕೊಂಡು ಎಲ್ಲರಿಗೂ ತೆರೆದಿಟ್ಟರು. ಮಕ್ಕಳ ಕಥೆಗಳಿಂದ ಹೆಸರಾದ ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ ತಮ್ಮ ಪುಸ್ತಕಗಳ ಹಣದಿಂದ ಹೊಲಮನೆಗಳನ್ನು ಕೊಂಡು, 1943ರಲ್ಲಿ ತೀರಿಕೊಂಡಾಗ ಸುಮಾರು 4,000 ಎಕರೆಯನ್ನು ಆ ಸಂಸ್ಥೆಗೇ ಬಿಟ್ಟುಹೋದರು. ಹಾಗೆಂದು ಅಲ್ಲಿ ಎಲ್ಲವೂ ನಿರ್ಮಲವೆಂದಲ್ಲ. ವಿಂಡರ್‌ಮಿಯರಿಗೆ ಕೊಳಚೆ ನೀರು ಸೇರುವುದನ್ನು ವಿರೋಧಿಸಿ ಈಚಿನ ವರ್ಷಗಳಲ್ಲಿ ಅಲ್ಲಿಯ ಜನ ಬೀದಿಗಿಳಿದಿದ್ದಾರೆ. ಹಿಮ ಕೊರೆದುಕೊಟ್ಟ ಸರೋವರವನ್ನೂ ಮನುಷ್ಯರು ಜಗಳವಾಡಿಯೇ ಉಳಿಸಿಕೊಳ್ಳಬೇಕಾಗಿದೆ. ಹಾಗಿರುವಾಗ ಕೈಯಿಂದ ಕಟ್ಟಿದ ಕೆರೆಯ ಮಾತೇನು? ಹೂಳು ತುಂಬಿದ, ಅಂಚು ಒತ್ತುವರಿಯಾದ ನಮ್ಮೂರ ಕೆರೆಗಳು ಕಣ್ಣ ಮುಂದೆ ಬಂದವು.

ಆದುದರಿಂದ ನಾಲ್ಕನೆಯ ದಿನದ ಪಟ್ಟಿಗೆ ಒಂದು ಸಾಲನ್ನು ಸೇರಿಸಿದ್ದೇವೆ. ಕೆಸ್ವಿಕ್ಕಿಗೆ ಹೋಗುವ 555ನೆಯ ಬಸ್ಸು ಥರ್ಲ್‌ಮಿಯರಿನ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಸಾಧ್ಯವಾದರೆ ಉಳಿದ ಆ ಚಿಕ್ಕ ಚರ್ಚಿನ ಬಳಿ ಇಳಿದು ಸ್ವಲ್ಪ ಹೊತ್ತು ನಿಲ್ಲಬೇಕು. ಪ್ರವಾಸದ ಪುಸ್ತಕಗಳಲ್ಲಿ ಇದಕ್ಕೆ ಹೆಚ್ಚು ಜಾಗವಿಲ್ಲ. ಆದರೆ ಮಗಳ ಮನೆಯಲ್ಲಿ ಒಂದು ಲೋಟ ನೀರು ಕುಡಿದವರು ಅಲ್ಲಿಗೆ ಹೋಗಿಬರುವುದು ಋಣವೆಂದು ಅಕ್ಕನವರ ಅಭಿಪ್ರಾಯ.

ಬರುವ ಮಾತನ್ನು ಅವರು ಹೇಳಿದ್ದು ಮಾರನೆಯ ಬೆಳಗ್ಗೆ, ಕಲ್ಯಾಣದುರ್ಗದ ಬಸ್ಸು ಹತ್ತುವಾಗ. "ಮೂರು ಸಲ ಭೂಮಿಯ ಒಳಗೆ ಹುಡುಕಿದ್ದಾಯಿತು. ಈ ಸಲ ನಾಲ್ಕನೇ ಬೋರು ಬೇಡ. ಭೂಮಿಯ ಮೇಲೆ ಇರೋ ನೀರನ್ನ ಒಂದು ಸಲ ಕಣ್ತುಂಬ ನೋಡಿಕೊಂಡು ಬರೋಣ" ಎಂದರು. ಅವರ ಟಿಕೆಟ್ಟಿನ ಹಣವನ್ನು ನಾವು ಕೊಡುತ್ತೇವೆಂದರೆ ಕೇಳಲಿಲ್ಲ.

ಈಗ ಮೂವರ ಅರ್ಜಿಗಳೂ ಸಿದ್ಧವಾಗಿವೆ. ಬೆಟ್ಟದ ಹಾದಿಗೆ ಚಪ್ಪಲಿ ಸಾಲದೆಂದು ಮಗಳು ಹೇಳಿದ್ದರಿಂದ, ಜನ್ಮದಲ್ಲಿ ಬೂಟು ಮೆಟ್ಟದ ಅಕ್ಕನವರಿಗೆ ಹಿಂದೂಪುರದ ಅಂಗಡಿಯಲ್ಲಿ ಒಂದು ಜೊತೆ ಕೊಡಿಸಿದ್ದೇವೆ. ಅದನ್ನು ಹಾಕಿಕೊಂಡು ಅವರು ದಿನಾ ಬೆಳಗ್ಗೆ ತಮ್ಮೂರ ಕೆರೆಯ ಏರಿಯ ಮೇಲೆ ನಡೆದು ಅಭ್ಯಾಸ ಮಾಡುತ್ತಿದ್ದಾರಂತೆ. ಕೆರೆಯಂಗಳದಲ್ಲಿ ಚೆಂಡಾಡುವ ಹುಡುಗರು ನೋಡಿ ನಗುತ್ತಾರಂತೆ. ನಗಲಿ. ಹೋಗಿ ಬಂದ ಮೇಲೆ ಕಂಡದ್ದನ್ನು ಕಂಡ ಹಾಗೆ ಇದೇ ಪುಟಗಳಲ್ಲಿ ಬರೆಯುತ್ತೇವೆ.